ಭಾನುವಾರ ರಜೆ ಹಾಕುವ ಭೂಕಂಪ!

ಸಂಪಾದಕರೇ,

ಮೊನ್ನೆ ಗುರುವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಗಲ್ಲಿಯ ಬಿರುಕುಬಿಟ್ಟ ಗೋಡೆಗಳ ಸುದ್ದಿ ಬಂದಿದೆ. ‘ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನ ಕಡೆಯ ಲಘು ಭೂಕಂಪ, ಗಾಬರಿ ಬೇಡ’ ಎಂದು ಅಧಿಕಾರಿಗಳು ಹೇಳಿದ್ದನ್ನು ಹಾಗೇ ಅಚ್ಚು ಹಾಕಿದ್ದೀರಿ. ಊಟ ಮುಗಿಸಿ ನಾನು ಅದನ್ನು ಓದುತ್ತಿದ್ದಾಗಲೇ ಇನ್ನೊಂದು ‘ಭೂಕಂಪ’ ಆಯಿತು. ಊರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ ಮಿಡಿ ಉಪ್ಪಿನಕಾಯಿಯ ಭರಣಿ ಕಪಾಟಿನಿಂದ ಬಿದ್ದು ಚೂರಾಯಿತು. ಗಂಟೆ ನೋಡಿದೆ. ಎರಡೂವರೆ. ನಿನ್ನೆಯೂ ಎರಡೂವರೆ. ಮೊನ್ನೆಯೂ ಎರಡೂವರೆ.

ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಹದಿನಾಲ್ಕು ದಿನದಿಂದ ಬರೆದಿಟ್ಟಿದ್ದೇನೆ. ಎರಡು ಭಾನುವಾರ ಬಿಟ್ಟು ದಿನಾ ಒಂದು ಸಲ. ಭಾನುವಾರ ಭೂಮಿತಾಯಿಗೂ ರಜೆ ಇರಬೇಕು. ಅದೂ ಅಲ್ಲದೆ ನಮ್ಮ ಹಿಂದೆ ಬಿಲ್ಡರ್ ಟವರ್ ಕಟ್ಟಲು ಬಂಡೆ ಸಿಡಿಸುತ್ತಿರುವ ಗುಂಡಿಯಲ್ಲಿ ಎರಡು ನಿಮಿಷ ಮೊದಲೇ ಕಾವಲುಗಾರ ಸೀಟಿ ಊದುತ್ತಾನೆ. ಜಪಾನಿನಲ್ಲಿ ಭೂಕಂಪದ ಮೊದಲ ಅಲೆಯನ್ನು ಯಂತ್ರ ಹಿಡಿದು, ಜೋರಾದ ಅಲೆ ಬರುವ ಮೊದಲು ಕೆಲವು ಸೆಕೆಂಡಿನ ಎಚ್ಚರಿಕೆ ಕೊಡುತ್ತಾರಂತೆ. ನಮ್ಮಲ್ಲಿ ಎರಡು ನಿಮಿಷ! ಅವರೇ ಬಂದು ಕಲಿತು ಹೋಗಲಿ.

ಭೂಕಂಪ ಏನೆಂದು ನನಗೆ ಗೊತ್ತಿದೆ. 1967ರ ಡಿಸೆಂಬರ್ 11, ಬೆಳಗಿನ ಜಾವ 4 ಗಂಟೆ 21 ನಿಮಿಷ. ನಾನಾಗ ಮಾಟುಂಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಹುಡುಗ. ಇಡ್ಲಿಗೆ ಒಲೆ ಹೊತ್ತಿಸಿದ್ದೆವು. ಮೊದಲು ಲೋಟಗಳು ಗಿಲಗಿಲ ಅಂದವು. ಬೆಕ್ಕು ನುಗ್ಗಿತು ಅಂತ ಭಟ್ಟರು ಬೈದರು. ಬೈದು ಮುಗಿಸಿ ಸ್ವಲ್ಪ ಹೊತ್ತಾದ ಮೇಲೆ ನೆಲವೇ ತೊಟ್ಟಿಲಿನ ಹಾಗೆ ತೂಗಿತು. ಕೊಯ್ನಾದಲ್ಲಿ ಸುಮಾರು 180 ಜನ ಸತ್ತರೆಂದು ಆಮೇಲೆ ತಿಳಿಯಿತು.

ಆ ಎರಡು ಅಲುಗಾಟದ ನಡುವೆ ಬಿಡುವು ಯಾಕಿತ್ತು ಎಂದು ಹೇಳಿಕೊಟ್ಟವರು ಕನ್ನಡ ರಾತ್ರಿ ಶಾಲೆಯ ನಮ್ಮ ಮೇಷ್ಟ್ರು. ಮೊದಲು ಬರುವುದು ಪಿ ಅಲೆ. ಕ್ಯೂನಲ್ಲಿ ಹಿಂದಿನವನು ತಳ್ಳಿದರೆ ಮುಂದಿನವನಿಗೆ ದಾಟುವ ಹಾಗೆ ಒತ್ತುತ್ತಾ ಬರುತ್ತದೆ. ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ 6 ಕಿಲೋಮೀಟರ್ ಓಟ. ಹಿಂದಿನಿಂದ ಬರುವುದು ಎಸ್ ಅಲೆ. ಹಗ್ಗ ಒದರಿದ ಹಾಗೆ ಅಡ್ಡಡ್ಡ ಅಲುಗಿಸುತ್ತದೆ, ಸೆಕೆಂಡಿಗೆ ಮೂರೂವರೆ ಕಿಲೋಮೀಟರ್. ಕೊಯ್ನಾ ನಮಗೆ ಸುಮಾರು 200 ಕಿಲೋಮೀಟರ್ ದೂರ. ಭಾಗಿಸಿ ನೋಡಿ. ಎರಡರ ನಡುವೆ ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿ ಅಂತರ ಇರಲೇಬೇಕು. ನಮ್ಮಲ್ಲಿ? ಒಂದೇ ದಢಂ. ಲೋಟವೂ ನೆಲವೂ ಗೋಡೆಯೂ ಒಟ್ಟಿಗೆ. ಅಂದರೆ ಅದು ಹುಟ್ಟಿದ್ದು ಇಲ್ಲೇ, ನಮ್ಮ ಸಂಡಾಸಿನ ಗೋಡೆಯ ಆಚೆ.

ಇದನ್ನೇ ಹೇಳಲು ‘ಗಾಬರಿ ಬೇಡ’ ಎಂದ ಆ ಅಧಿಕಾರಿಗಳ ಕಚೇರಿಗೆ ಮೂರು ಸಲ ಹೋದೆ. ಮಂಡಿನೋವು ಇಟ್ಟುಕೊಂಡು ಮೂರನೇ ಮಾಳಿಗೆ, ಲಿಫ್ಟ್ ಕೆಟ್ಟಿದೆ. ಎರಡು ಸಲ ‘ಉದ್ಯಾ ಯಾ’, ನಾಳೆ ಬನ್ನಿ ಅಂತ. ಮೂರನೇ ಸಲ ಸಿಕ್ಕ ಸಾಹೇಬರು ಚಹಾ ಹೀರುತ್ತಾ ಪಾಠ ಮಾಡಿದರು: “ಕಾಕಾ, ಭೂಮಿಯ ಕೆಳಗೆಲ್ಲ ಲಾವಾ ಕುದಿಯುತ್ತಿದೆ, ಅಲುಗದೆ ಇರುತ್ತದಾ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಹೇಬರೇ, ನಾವು ನಿಂತಿರುವ ತೊಗಟೆ ಇಲ್ಲೆಲ್ಲ ಹೆಚ್ಚೆಂದರೆ 40 ಕಿಲೋಮೀಟರ್ ದಪ್ಪ. ಕಡಾಯಿ ಹಾಲಿನ ಮೇಲಿನ ಕೆನೆಯ ಹಾಗೆ. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೂ ಇರುವುದು ಬಿಸಿಯಾದ ಬಂಡೆ, ಗಂಜಿಯಲ್ಲ. ಎಸ್ ಅಲೆ ಅದರೊಳಗೆ ಸಲೀಸಾಗಿ ಹಾದುಹೋಗುತ್ತದೆ, ದ್ರವವಾಗಿದ್ದರೆ ಆಗುತ್ತಿರಲಿಲ್ಲ. ಮೇಷ್ಟ್ರು ಹೋಟೆಲ್ ಹುಡುಗರಿಗೆ ಹೇಳುವ ಹಾಗೇ ಹೇಳಿದ್ದರು: ಇಡ್ಲಿಯನ್ನು ಬದಿಗೆ ತಳ್ಳಿದರೆ ಅಲುಗಿ ಮತ್ತೆ ಸರಿಯಾಗಿ ನಿಲ್ಲುತ್ತದೆ, ಸಾಂಬಾರಿಗೆ ಆ ಗುಣ ಇಲ್ಲ. ಸಾಂಬಾರು ಇರುವುದು ಇನ್ನೂ ಕೆಳಗೆ, ಕರಗಿದ ಕಬ್ಬಿಣದ ಹೊರ ತಿರುಳಿನಲ್ಲಿ. ಅಲ್ಲಿಗೆ ಎಸ್ ಅಲೆಯ ಆಟ ಮುಗಿಯಿತು. ಭೂಮಿಗೆ ಒಂದು ತಿರುಳು ಇದೆ ಎಂದು 1906ರಲ್ಲಿ ಅಲೆಗಳ ಲೆಕ್ಕದಿಂದಲೇ ತೋರಿಸಿದ ಓಲ್ಡ್‌ಹ್ಯಾಮ್ ನಮ್ಮ ದೇಶದಲ್ಲಿ ನೌಕರಿ ಮಾಡಿದವರು, 1897ರ ಅಸ್ಸಾಂ ಭೂಕಂಪದ ವರದಿ ಬರೆದವರು. ಅವರೂ ಸರಕಾರಿ ನೌಕರರೇ. ಆ ದ್ರವದ ನಡುವೆ ಮತ್ತೊಂದು ಗಟ್ಟಿ ಗುಂಡು ಇದೆ ಎಂದು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ಹೆಣ್ಣುಮಗಳು ಕಂಡುಹಿಡಿದರು. ಸಾವಿರಾರು ಕಿಲೋಮೀಟರ್ ಆಳದ್ದು ಅವರಿಗೆ ಕಂಡಿತು. ನಮ್ಮ ಸಾಹೇಬರಿಗೆ ಕಿಟಕಿಯಾಚೆಯ ಗುಂಡಿ ಕಾಣುವುದಿಲ್ಲ.

ಹಾಂ, ಇಲ್ಲಿ ಲಾವಾ ಹರಿದದ್ದು ನಿಜ. ಸುಮಾರು 6.6 ಕೋಟಿ ವರ್ಷದ ಹಿಂದೆ. ಅದೇ ಆರಿ ಕಪ್ಪು ಕಲ್ಲಾಯಿತು. ಅದೇ ಕಲ್ಲಿಗೆ ಈಗ ಬಿಲ್ಡರ್ ಸಿಡಿಮದ್ದು ಇಡುತ್ತಿದ್ದಾನೆ. ಎರಡು ಮಾಳಿಗೆ ಪಾರ್ಕಿಂಗ್ ಬೇಕಂತೆ.

ಕೊಯ್ನಾ ಅಲ್ಲ ಎಂದಾಗ ಸಾಹೇಬರು ‘ಹಾಗಾದರೆ ಪಾಲ್ಘರ್’ ಅಂದರು. ಮುಂಬಯಿಯ ಉತ್ತರಕ್ಕಿರುವ ಆ ಜಿಲ್ಲೆಯ ಡಹಾಣು, ತಲಾಸರಿ ಕಡೆ 2018ರ ನವೆಂಬರಿನಿಂದ ಸಣ್ಣ ಕಂಪನ ಆಗುತ್ತಿದ್ದದ್ದು ಹೌದು, ಅಲ್ಲಿನ ಬಡವರು ಚಳಿಯಲ್ಲಿ ಮನೆಯ ಹೊರಗೆ ಮಲಗಿದರು. ಅವರ ಕಷ್ಟವನ್ನೂ ಬಿಲ್ಡರಿಗೆ ಕೊಡೆ ಹಿಡಿಯಲು ಬಳಸುವುದಾ? 1993ರಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸುಮಾರು 10,000 ಜನ ಮಲಗಿದಲ್ಲೇ ಹೋದರು. ಭೂಕಂಪ ಎನ್ನುವ ಮಾತನ್ನು ಸುಮ್ನೆ ಆಡಬಾರದು. ದೆಹಲಿಯ ರಾಷ್ಟ್ರೀಯ ಭೂಕಂಪ ಕೇಂದ್ರದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಮೊಮ್ಮಗ ತೆಗೆದು ತೋರಿಸಿದ. ನಾನು ಬರೆದಿಟ್ಟ ಹೊತ್ತಿನಲ್ಲಿ ಕೊಯ್ನಾವೂ ಇಲ್ಲ, ಪಾಲ್ಘರವೂ ಇಲ್ಲ. ಭೂಕಂಪದ ಅಧ್ಯಯನಕ್ಕೆಂದೇ ಕರಾಡದಲ್ಲಿ ಕೇಂದ್ರ ಸರಕಾರದ ಪ್ರಯೋಗಾಲಯವಿದೆ, ಕೊಯ್ನಾ ಬಳಿ 3 ಕಿಲೋಮೀಟರ್ ಆಳಕ್ಕೆ ಕೊರೆದು ನೋಡಿದ್ದಾರೆ. ಅವರಿಗೆ ಒಂದು ಫೋನ್ ಮಾಡಲು ಯಾರ ಕೈ ಸೋತಿತ್ತು? ನಿಮ್ಮ ವರದಿಗಾರರೂ ಮಾಡಬಹುದಿತ್ತು ಅಲ್ವಾ?

ಇವರದ್ದು ಯಾವಾಗಲೂ ಇದೇ. 2005ರ ಜುಲೈ 26ರಂದು 944 ಮಿಲಿಮೀಟರ್ ಮಳೆ ಬಂದಾಗ ನಮ್ಮ ಮನೆಯಲ್ಲಿ ಸೊಂಟದವರೆಗೆ ನೀರು. ಮಳೆಯನ್ನು ಯಾರೂ ತಡೆಯಲಾಗದು, ಒಪ್ಪಿದೆ. ಆದರೆ ನಾಲೆಯಲ್ಲಿ ತುಂಬಿದ್ದ ಹಾಸಿಗೆ, ಥರ್ಮೋಕೋಲ್ ಆಕಾಶದಿಂದ ಬಿದ್ದವಾ? ಈಗಲೂ ಆ ನಾಲೆಯ ಮುಚ್ಚಳ ಇಲ್ಲ. ನಳದಲ್ಲಿ ನೀರು ಬೆಳಗ್ಗೆ ನಲವತ್ತು ನಿಮಿಷ. ಮೊನ್ನೆಯ ದಢಂಗೆ ಪೈಪ್ ಬಿಟ್ಟುಕೊಂಡು ಅದೂ ಇಲ್ಲ. ಹೆಂಡತಿಯ ದೇವರ ಕೋಣೆಯಲ್ಲಿ ಗಾರೆ ಉದುರಿ ನಂದಾದೀಪಕ್ಕೆ ಬಿತ್ತು. ನೈವೇದ್ಯದ ಪಾಯಸದಲ್ಲಿ ಸುಣ್ಣ.

ಮದ್ದು ಇಡುವುದನ್ನು ನಿಲ್ಲಿಸಿ. ಇಲ್ಲವೇ ನಮ್ಮ ಗಲ್ಲಿಗೆ ಒಂದು ಭೂಕಂಪ ಮಾಪಕ ತಂದಿಡಿ. ಎರಡೂ ಆಗದಿದ್ದರೆ ಆ ಸಾಹೇಬರನ್ನು ಒಂದು ದಿನ ಎರಡೂವರೆಗೆ ನಮ್ಮಲ್ಲಿ ಊಟಕ್ಕೆ ಕೂರಿಸಿ. ಭಾನುವಾರ ಬರುತ್ತೇನೆ ಎಂದರೆ ಬೇಡ. ಉಪ್ಪಿನಕಾಯಿ ಮಾತ್ರ ಇಲ್ಲ.

ನಿಮ್ಮ ಹಳೆಯ ಓದುಗ,
ಮುಂಬಯಿ