ಗೆಳೆಯನಿಗೊಂದು ಪತ್ರ: ಒಂದು ಬೋಗುಣಿ ತಣ್ಣೀರು

ಪ್ರೀತಿಯ ಗೆಳೆಯ,

ಹೊಲದ ತಕರಾರಿನಲ್ಲಿ ನಿಮ್ಮಣ್ಣನ ವಕೀಲರಿಂದ ನೋಟಿಸ್ ಬಂದ ಮೇಲೆ ರಾತ್ರಿ ಕಳೆಯುವುದೇ ಕಷ್ಟವಾಗಿದೆ ಎಂದು ಬರೆದಿದ್ದೀಯ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮೊಬೈಲ್ ಎತ್ತಿಕೊಂಡು ಬಾಯಿಗೆ ಬಂದದ್ದನ್ನೆಲ್ಲ ಅವನಿಗೆ ಕಳುಹಿಸಿಬಿಡೋಣ ಅನ್ನಿಸುತ್ತದೆ ಎಂದಿದ್ದೀಯ. ಸಮಾಧಾನ ಮಾಡಿಕೋ ಎಂದು ನಾನು ಹೇಳುವುದಿಲ್ಲ. ಆ ಹೊತ್ತಿನಲ್ಲಿ ಬುದ್ಧಿಮಾತು ಯಾರ ತಲೆಗೂ ಹೋಗುವುದಿಲ್ಲ. ಮನಸ್ಸು ಮಾತು ಕೇಳದಿದ್ದಾಗ ಮೈಯನ್ನು ಹಿಡಿದು ನಿಲ್ಲಿಸುವ ಒಂದು ಉಪಾಯವಿದೆ, ಅದನ್ನು ಹೇಳುತ್ತೇನೆ.

ಅಗಲವಾದ ಬೋಗುಣಿಯಲ್ಲಿ ನೀರು ತುಂಬಿಸು. ನಿಮ್ಮ ರಾಯಚೂರಿನ ಬೇಸಿಗೆಯಲ್ಲಿ ಟ್ಯಾಂಕಿನ ನೀರು ರಾತ್ರಿಯೂ ಬೆಚ್ಚಗಿರುತ್ತದೆ, ಅದು ಸಾಲದು. ಫ್ರಿಜ್ಜಿನ ನೀರು ಬೆರೆಸು, ನಾಲ್ಕು ತುಂಡು ಐಸ್ ಹಾಕು. 10 ಡಿಗ್ರಿಗಿಂತ ಕೆಳಗೆ ಇಳಿಯುವಷ್ಟು ಕೊರೆಯುವುದು ಬೇಡ. ಸೊಂಟದಿಂದ ಬಾಗಿ, ಉಸಿರು ಬಿಗಿಹಿಡಿದು, ಹಣೆ, ಕಣ್ಣು, ಕೆನ್ನೆ ಮುಳುಗುವಂತೆ ಮುಖವನ್ನು ನೀರಿಗೆ ಇಳಿಸು. 15ರಿಂದ 30 ಸೆಕೆಂಡು ಸಾಕು. ಉಸಿರು ಕಟ್ಟಿದಂತಾದರೆ ತಕ್ಷಣ ಎದ್ದುಬಿಡು, ಛಲ ಬೇಡ. ಬೋಗುಣಿಗೆ ಬಾಗಲು ಆಗದಿದ್ದರೆ ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಣ್ಣು, ಕೆನ್ನೆಯ ಮೇಲೆ ಒತ್ತಿಕೊಂಡು ಉಸಿರು ಹಿಡಿದರೂ ಆಗುತ್ತದೆ.

ಇದು ಬರೀ ನಂಬಿಕೆಯ ಮಾತಲ್ಲ. ಕಣ್ಣು, ಮೂಗಿನ ಸುತ್ತ ಹರಡಿರುವ ಟ್ರೈಜೆಮಿನಲ್ ನರ ತಣ್ಣನೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ ನಿಧಾನವಾಗು ಎಂಬ ಆಜ್ಞೆ ಹೋಗುತ್ತದೆ. ಕೈಕಾಲುಗಳ ರಕ್ತನಾಳಗಳು ಕಿರಿದಾಗಿ, ರಕ್ತ ಮಿದುಳಿಗೂ ಹೃದಯಕ್ಕೂ ಮೀಸಲಾಗುತ್ತದೆ. ಸೀಲ್, ತಿಮಿಂಗಿಲಗಳು ಆಳಕ್ಕೆ ಮುಳುಗುವಾಗ ಆಗುವುದೂ ಇದೇ. ಹಸುಗೂಸುಗಳ ಹೃದಯ ಕೆಲವು ಬಗೆಯಲ್ಲಿ ವಿಪರೀತ ಓಡತೊಡಗಿದಾಗ ವೈದ್ಯರು ಮುಖದ ಮೇಲೆ ಐಸ್ ಚೀಲ ಇಟ್ಟು ಅದನ್ನು ಹತೋಟಿಗೆ ತರುವುದುಂಟು.

ಹಾಗೆಂದು ತಲೆಯ ಮೇಲೆ ಕೊಡ ಸುರಿದುಕೊಳ್ಳಬೇಡ. ಇಡೀ ಮೈಗೆ ಒಮ್ಮೆಲೇ ಚಳಿ ತಗುಲಿದರೆ ಉಸಿರು ಮೇಲಕ್ಕೆಳೆದು ಎದೆಬಡಿತ ಇನ್ನೂ ಏರುತ್ತದೆ. ನಮಗೆ ಬೇಕಾದ್ದು ಮುಖ ಮತ್ತು ಹಿಡಿದ ಉಸಿರು, ಅಷ್ಟೇ.

ಈ ಉಪಾಯವನ್ನು ಚಿಕಿತ್ಸೆಯ ಭಾಗವಾಗಿ ಕಲಿಸಿದವರು ಅಮೆರಿಕದ ಸಿಯಾಟಲ್‌ನ ಮನೋವಿಜ್ಞಾನಿ ಮಾರ್ಷಾ ಲಿನೆಹನ್. ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮನೋಚಿಕಿತ್ಸೆಯನ್ನು ರೂಪಿಸಿದವರು. ಹರೆಯದಲ್ಲಿ ತಾವೂ ಮನೋರೋಗ ಆಸ್ಪತ್ರೆಯಲ್ಲಿದ್ದವರು ಎಂಬುದನ್ನು 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ಆ ನರಕವನ್ನು ಒಳಗಿನಿಂದ ಕಂಡವರು ಕೊಟ್ಟ ಉಪಾಯ ಎಂಬ ಕಾರಣಕ್ಕೂ ನನಗೆ ಇದರ ಮೇಲೆ ಗೌರವ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಹೃದಯದ ತೊಂದರೆ ಇದ್ದವರು, ನಾಡಿ ಮೊದಲೇ ನಿಧಾನವಿದ್ದವರು, ಊಟ ಬಿಟ್ಟು ಸೊರಗುವ ಕಾಯಿಲೆಯವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ನೀನು ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೀಯಲ್ಲ? ಅದು ಬೀಟಾ ಬ್ಲಾಕರ್ ಆಗಿದ್ದರೆ ಅದೇ ನಾಡಿಯನ್ನು ಇಳಿಸುತ್ತಿರುತ್ತದೆ. ಚೀಟಿ ಹಿಡಿದುಕೊಂಡು ಹೋಗಿ ಮೊದಲು ಡಾಕ್ಟರನ್ನು ಕೇಳು.

ತಣ್ಣೀರು ಹೊಲದ ತಕರಾರನ್ನು ಬಗೆಹರಿಸುವುದಿಲ್ಲ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ, ಒಲೆಯ ಉರಿ ಹಾಗೇ ಇರುತ್ತದೆ. ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬಾ. ಗೋಡೆಗೆ ಒರಗಿ ಕೂತು, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರು ಹೊರಗೆ ಬಿಡು. ಇನ್ನೂ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಹಗಲು ರಾತ್ರಿ ಎನ್ನದೆ ಉಚಿತವಾಗಿ ಮಾತಾಡುತ್ತಾರೆ, ಕನ್ನಡದಲ್ಲೇ. ಅಥವಾ ನನಗೆ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ಡಾಕ್ಟರು ಆಗಬಹುದು ಎಂದರೆ, ಸಿಟ್ಟಿಲ್ಲದ ಒಂದು ದಿನ ಸುಮ್ಮನೆ ಮಾಡಿ ನೋಡು. ರಾತ್ರಿ ಎರಡು ಗಂಟೆಗೆ ಹೊಸದಾಗಿ ಕಲಿಯುವುದು ಆಗದ ಕೆಲಸ. ನೋಟಿಸಿಗೆ ಉತ್ತರ ಕೊಡಲು ಇನ್ನೂ ಸಮಯವಿದೆಯಲ್ಲ, ಭಾನುವಾರ ಅದರ ಪ್ರತಿ ಕಳುಹಿಸು, ಇಬ್ಬರೂ ಕೂತು ಓದೋಣ.

ನಿನ್ನ ಗೆಳೆಯ