ಕೈಗೆ ಕೆಲಸ, ಕಿವಿಗೆ ಬಿಡುವು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಧ್ಯಾನದ ಆ್ಯಪ್ ಹಾಕಿಕೊಂಡಿದ್ದೀಯ, ದಿನಾ ತಪ್ಪದೆ ಕೂರುತ್ತೀಯ, ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ ಅಂತ ಬರೆದಿದ್ದೀಯ. ಕೂತ ಗಳಿಗೆಯಿಂದಲೇ "ಬಂತಾ, ಇನ್ನೂ ಬಂದಿಲ್ಲವಾ" ಅಂತ ನೋಡುತ್ತಿದ್ದರೆ ಅದು ಬರುವುದಾದರೂ ಹೇಗೆ ಹೇಳು? ನಿದ್ದೆಯದೂ ಇದೇ ಕಥೆ, ಕಾದಷ್ಟೂ ದೂರ. ನನ್ನ ಮಾತು ಕೇಳುವುದಾದರೆ ಸ್ವಲ್ಪ ಕಾಲ ನೆಮ್ಮದಿಯ ಗೊಡವೆಯನ್ನೇ ಬಿಟ್ಟು ಕೈಗೊಂದು ಕೆಲಸ ಕೊಡು. ಅದರಿಂದ ಸಂಪಾದನೆ ಆಗಬಾರದು, ಯಾರ ಮೆಚ್ಚುಗೆಯೂ ಬೇಕಾಗಿರಬಾರದು.

ಚಿಕ್ಕವಳಿದ್ದಾಗ ನೀನು ಎಷ್ಟೊಂದು ಚಿತ್ರ ಬಿಡಿಸುತ್ತಿದ್ದೆ. ಈಗ ಕೇಳಿದರೆ "ನನಗೆ ಚೆನ್ನಾಗಿ ಬರಲ್ಲ ದೊಡ್ಡಮ್ಮಾ" ಅನ್ನುತ್ತೀಯ. ಚೆನ್ನಾಗಿ ಬರಲೇಬೇಕು ಅಂತ ಹೇಳಿದವರು ಯಾರು? ರವೀಂದ್ರನಾಥ ಟ್ಯಾಗೋರರು ಚಿತ್ರಕಲೆಗೆ ಮನಸ್ಸಿಟ್ಟು ಕೂತಿದ್ದು ಅರವತ್ತು ದಾಟಿದ ಮೇಲೆ. ಕವಿತೆ ತಿದ್ದುವಾಗ ಕಾಟು ಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸಿ, ಹಕ್ಕಿಯೋ ವಿಚಿತ್ರ ಪ್ರಾಣಿಯೋ ಮಾಡಿಬಿಡುತ್ತಿದ್ದರಂತೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ಆಯಿತು. ಆದರೆ ನನಗೆ ಹಿಡಿಸುವುದು ಪ್ರದರ್ಶನಕ್ಕಿಂತ ಆ ಕಾಟು ಹಾಕಿದ ಸಾಲುಗಳೇ. ಬೇಡವಾದದ್ದರ ಮೇಲೆ ಕೈ ಸುಮ್ಮನೆ ಆಡಿಕೊಂಡಿತ್ತು, ಅಷ್ಟೆ.

ಲೆಕ್ಕ ಕೊಡದೆ ನೀನು ಯಾವುದನ್ನೂ ನಂಬುವವಳಲ್ಲ, ಅದಕ್ಕೇ ಇದನ್ನೂ ಬರೆಯುತ್ತೇನೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟು 45 ನಿಮಿಷ ಇಷ್ಟ ಬಂದದ್ದು ಮಾಡಿ ಅಂದರು. ಮೊದಲೂ ಆಮೇಲೂ ಲಾಲಾರಸದಲ್ಲಿ ಕಾರ್ಟಿಸಾಲ್ ಎಷ್ಟಿದೆ ಅಂತ ಅಳೆದರು. ಒತ್ತಡ ಹೆಚ್ಚಾದಾಗ ದೇಹದಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಕಲೆಯ ಅಭ್ಯಾಸ ಇದ್ದವರು, ಇಲ್ಲದವರು ಅನ್ನುವ ಭೇದ ಕಾಣಲಿಲ್ಲ. 2016ರಲ್ಲಿ ಪ್ರಕಟವಾದದ್ದು. ಸಣ್ಣ ಅಧ್ಯಯನ, ವೇದವಾಕ್ಯ ಅಂದುಕೊಳ್ಳಬೇಡ. ಆದರೆ "ನನಗೆ ಬರಲ್ಲ" ಅನ್ನುವ ನಿನ್ನ ನೆಪಕ್ಕೆ ಉತ್ತರವಾಗಿ ಇಷ್ಟು ಸಾಕು.

ಒಂದು ಎಲೆಯನ್ನು ಎದುರಿಗಿಟ್ಟುಕೊಂಡು ಬಿಡಿಸಿ ನೋಡು. ನಡುವಿನ ನರದಿಂದ ಪಕ್ಕದ ನರ ಎಲ್ಲಿ ಕವಲೊಡೆಯಿತು, ಅಂಚು ಎಲ್ಲಿ ಹರಿದಿದೆ ಅಂತ ಕಣ್ಣು ಹುಡುಕುತ್ತಿರುವಾಗ ನಾಳೆಯ ಮೀಟಿಂಗ್ ತಾನಾಗಿ ಹಿಂದೆ ಸರಿಯುತ್ತದೆ. ನೀನು ಅದನ್ನು ಓಡಿಸಬೇಕಾಗಿಲ್ಲ. ಆದರೆ ಬಿಡಿಸಿದ್ದನ್ನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡ. ಹಾಕಿದೆಯೋ, ಮುಂದಿನ ಎಲೆ ಬಿಡಿಸುವಾಗ ನೋಡುವವರು ಬೆನ್ನ ಹಿಂದೆ ಬಂದು ನಿಂತಿರುತ್ತಾರೆ.

ಇನ್ನು ಸಂಗೀತ. "ದಿನವಿಡೀ ಕೇಳುತ್ತಲೇ ಇರುತ್ತೇನೆ" ಅಂದಿದ್ದೀಯ. ಮೇಲ್ ನೋಡುತ್ತಾ, ಮೆಟ್ಟಿಲಿಳಿಯುತ್ತಾ, ಹಲ್ಲುಜ್ಜುತ್ತಾ ಕಿವಿಗೆ ಸುರಿದುಕೊಳ್ಳುವುದನ್ನು ಕೇಳುವುದು ಅನ್ನುವುದಕ್ಕೆ ನನಗೆ ಮನಸ್ಸಾಗದು. 2006ರಲ್ಲಿ ಇಟಲಿಯ ಹೃದಯತಜ್ಞ ಲುಚಾನೊ ಬರ್ನಾರ್ಡಿ ಮತ್ತು ಸಂಗಡಿಗರು ಒಂದು ಪರೀಕ್ಷೆ ಪ್ರಕಟಿಸಿದರು. ಬೇರೆ ಬೇರೆ ಸಂಗೀತ ಕೇಳಿಸಿ ಉಸಿರು, ನಾಡಿ, ರಕ್ತದೊತ್ತಡ ಅಳೆದರು. ಲಯ ಚುರುಕಾದರೆ ಉಸಿರೂ ನಾಡಿಯೂ ಚುರುಕಾದವು. ಸೋಜಿಗ ಏನೆಂದರೆ, ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ಇವೆಲ್ಲ ಶುರುವಿನಲ್ಲಿ ಇದ್ದದ್ದಕ್ಕಿಂತಲೂ ಕೆಳಗಿಳಿದವು. ಸಂಗೀತದ ಬೆನ್ನಿಗೇ ಬಂದ ಮೌನ ಸಂಗೀತಕ್ಕಿಂತ ಹೆಚ್ಚು ತಣಿಸಿತು. ನಿನ್ನ ಪ್ಲೇಲಿಸ್ಟ್‌ನಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಇನ್ನೊಂದು ಎದ್ದುಬರುತ್ತದೆ, ಆ ಎರಡು ನಿಮಿಷಕ್ಕೆ ಜಾಗವೇ ಇಲ್ಲ. ದಿನಕ್ಕೆ ಒಂದೇ ಒಂದು ಆಲಾಪವನ್ನೋ ಹಾಡನ್ನೋ ಬೇರೇನೂ ಮಾಡದೆ ಕೇಳು. ಮುಗಿದ ಮೇಲೆ ತಕ್ಷಣ ಏಳಬೇಡ.

ಕೇಳುವುದಕ್ಕಿಂತ ಹಾಡುವುದು ಇನ್ನೂ ಮೇಲು ಅನ್ನುವುದು ನನ್ನ ಪಕ್ಷಪಾತ. ಅದಕ್ಕೊಂದು ಕಾರಣವೂ ಇದೆ. ಉಸಿರು ಬಿಡುವಾಗ ವೇಗಸ್ ಎಂಬ ನರದ ಹಿಡಿತ ಬಿಗಿಯಾಗಿ ಹೃದಯ ತುಸು ನಿಧಾನವಾಗಿ ಬಡಿಯುತ್ತದೆ. ಒಂದು ಸ್ವರವನ್ನು ಎಳೆದು ಹಿಡಿದರೆ ಬಿಡುವ ಉಸಿರು ತಾನೇ ಉದ್ದವಾಗುತ್ತದೆ. ಶ್ರುತಿಪೆಟ್ಟಿಗೆ ಹಾಕಿಕೊಂಡು ಬರೀ ಷಡ್ಜ, ಅಂದರೆ ಮೊದಲ ಸ್ವರ 'ಸ' ಹಿಡಿ, ಕದ ಮುಚ್ಚಿಕೊಂಡೇ ಹಿಡಿ. ಅಪಸ್ವರ ಬಂದರೆ ಬರಲಿ.

ಪ್ರಕೃತಿಯ ವಿಚಾರಕ್ಕೆ ಹೆಚ್ಚು ಹೇಳಲಾರೆ, ಎಲ್ಲರೂ ಹೇಳಿಯೇ ಹೇಳುತ್ತಾರೆ. ಬೆಟ್ಟ ಹತ್ತಲು ರಜೆ ಸಿಗಲಿ ಅಂತ ಮಾತ್ರ ಕಾಯಬೇಡ. ಆಸ್ಪತ್ರೆಯ ಕಿಟಕಿಯಾಚೆ ಮರ ಕಾಣುತ್ತಿದ್ದ ರೋಗಿಗಳು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧವೂ ಅವರಿಗೆ ಕಡಿಮೆ ಸಾಕಾಯಿತು ಅಂತ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲೇ ತೋರಿಸಿದ್ದಾರೆ. ಹಾಗಾಗಿ ನಿನ್ನ ಮೇಜನ್ನು ಕಿಟಕಿಯ ಕಡೆ ತಿರುಗಿಸು, ಅದು ಇವತ್ತೇ ಆಗುವ ಕೆಲಸ.

ಇವುಗಳಲ್ಲಿ ಒಂದಿದ್ದರೆ ಸಾಲದೇ ಅಂತ ನೀನು ಕೇಳಬಹುದು. ಚಾರ್ಲ್ಸ್ ಡಾರ್ವಿನ್ ಜೀವನವಿಡೀ ಗಿಡ, ಹುಳು, ಹಕ್ಕಿಗಳ ಮಧ್ಯೆಯೇ ಇದ್ದವನು. ಮನೆಯ ಹತ್ತಿರದ ಕಾಲುದಾರಿಯಲ್ಲಿ ನಡೆಯುವುದು ಅವನ ನಿತ್ಯದ ಪಾಠ. ಅಂಥವನೇ ವಯಸ್ಸಾದ ಮೇಲೆ, ಇನ್ನೊಮ್ಮೆ ಬದುಕುವಂತಿದ್ದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕವಿತೆ ಓದಿ, ಸ್ವಲ್ಪ ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಅಂತ ಬರೆದುಕೊಂಡ. ಆ ರುಚಿಯೆಲ್ಲ ಸತ್ತುಹೋಗಿತ್ತು ಅವನಿಗೆ. ನಿನಗಿನ್ನೂ ಸತ್ತಿಲ್ಲ, ಒಣಗಿದೆ ಅಷ್ಟೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಯಾವುದರಲ್ಲೂ ಆಸೆ ಹುಟ್ಟದು ಅಂತಾದರೆ ಬಣ್ಣ, ರಾಗ ಎಲ್ಲ ಪಕ್ಕಕ್ಕಿಟ್ಟು ಮೊದಲು ವೈದ್ಯರ ಹತ್ತಿರ ಹೋಗು. ನನಗೂ ತಿಳಿಸು, ಜೊತೆಗೆ ಬರುತ್ತೇನೆ.

ವೀಣೆ ಕೊಳ್ಳಲೇ ಅಂತ ಕೇಳಿದ್ದೆಯಲ್ಲ? ಈಗಲೇ ಬೇಡ. ಯಾರದಾದರೂ ಎರವಲು ಸಿಗುತ್ತದೆಯೇ ನೋಡು, ಇಲ್ಲವೇ ಬಾಡಿಗೆಗೆ ತಗೋ. ಪಾಠಕ್ಕೆ ಸೇರುವಾಗ, ವರ್ಷದೊಳಗೆ ವೇದಿಕೆ ಹತ್ತಿಸುತ್ತೇನೆ ಅನ್ನುವವರನ್ನು ಬಿಟ್ಟು, ಮೊದಲ ಪಾಠವಾದ ಸರಳೆಯಲ್ಲಿ ಒಂದನ್ನೇ ತಿಂಗಳುಗಟ್ಟಲೆ ನುಡಿಸಿಸುವ ತಾಳ್ಮೆ ಇರುವವರನ್ನು ಹುಡುಕು.

ಇಂತಿ ನಿನ್ನ
ದೊಡ್ಡಮ್ಮ