ಕಿಟಕಿ ಗಾಜು: ಭಾನುವಾರದೊಳಗೆ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ನೆಲದವರೆಗೂ ಗಾಜಿನ ಕಿಟಕಿ ಇರುವ ಮನೆಯವರು, ಅದರಲ್ಲೂ ಚಿಕ್ಕ ಮಕ್ಕಳಿರುವವರು, ದಯವಿಟ್ಟು ಈ ಭಾನುವಾರದೊಳಗೆ ಇಷ್ಟು ನೋಡಿಕೊಳ್ಳಿ.

ಗಾಜಿನ ಮೂಲೆಯಲ್ಲಿ ‘ಟಫನ್ಡ್’ (ಗಟ್ಟಿಗೊಳಿಸಿದ ಗಾಜು) ಅಥವಾ ‘ಲ್ಯಾಮಿನೇಟೆಡ್’ (ನಡುವೆ ಪ್ಲಾಸ್ಟಿಕ್ ಪದರ ಇರುವ, ಒಡೆದರೂ ಚೂರು ಅಂಟಿಕೊಂಡೇ ಇರುವ ಗಾಜು) ಎಂಬ ಸಣ್ಣ ಗುರುತು ಇದೆಯಾ ಹುಡುಕಿ. ಟಾರ್ಚ್ ಓರೆಯಾಗಿ ಹಿಡಿದರೆ ಕಾಣುವುದು ಸುಲಭ. ಟಫನ್ಡ್ ಗಾಜು ಒಡೆದರೆ ಸಣ್ಣ ಹರಳುಗಳಾಗಿ ಉದುರುತ್ತದೆ, ಸಾಮಾನ್ಯ ಗಾಜು ಚಾಕುವಿನಂಥ ಉದ್ದ ಚೂರಾಗುತ್ತದೆ. ಗುರುತು ಸಿಗದಿದ್ದರೆ ಗಾಜಿನ ಕೆಲಸದವರಿಗೆ ತೋರಿಸಿ.

ಕಿಟಕಿ ಪಕ್ಕದ ಮಂಚ, ಸ್ಟೂಲ್ ಇವತ್ತೇ ಸರಿಸಿ. ಸೊಳ್ಳೆ ಜಾಲರಿ ಮಗುವಿನ ಭಾರ ತಡೆಯುವುದಿಲ್ಲ. ಒರಗಿದರೆ ಚೌಕಟ್ಟು ಸಮೇತ ಕಳಚಿಕೊಳ್ಳಬಹುದು. ಇದನ್ನಂತೂ ಮರೆಯಲೇಬೇಡಿ. ಮಹಡಿ ಮನೆಯವರು ಕಿಟಕಿ 10 ಸೆಂ.ಮೀ.ಗಿಂತ ಹೆಚ್ಚು ತೆರೆಯದಂತೆ ಸ್ಟಾಪರ್ ಹಾಕಿಸಿ.

ನೋಡಿದವರು ಮನೆ ನಂಬರ್ ಜೊತೆ ‘ಆಯ್ತು’ ಎಂದು ಇಲ್ಲೇ ತಿಳಿಸಿ.